ದಯವಿಟ್ಟು ಅವನನ್ನು ಕೆಡವಿರಿ

ಆ ಶನಿವಾರ ಬೆಳಿಗ್ಗೆಯೂ ಎಲ್ಲ ದಿನದ ಹಾಗೇ ದೋಸೆ ಹಂಚನ್ನು ಒಲೆಯ ಮೇಲಿಟ್ಟು, ಅದು ಕಾಯುವಷ್ಟರಲ್ಲಿ ಅಡುಗೆಮನೆಯ ಕಿಟಕಿ ತೆರೆದೆ. ಕಿಟಕಿಯಾಚೆ ದಾಸವಾಳದ ಬೇಲಿ, ಬೇಲಿಯಾಚೆ ಸಾಗರ ಪೇಟೆಯಲ್ಲಿ ಫಾದರುಗಳು ನಡೆಸುವ ಗಂಡುಮಕ್ಕಳ ಹೈಸ್ಕೂಲಿನ ಮೈದಾನ. ಮೈದಾನದಲ್ಲಿ ನಮ್ಮ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಮೆತ್ತನೆಯ ಪೊರಕೆ ಹಿಡಿದು, ಬಗ್ಗಿಕೊಂಡು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಅವರು ಗುಡಿಸುತ್ತಿದ್ದದ್ದು ಕಸವನ್ನಲ್ಲ. ಮೇಷ್ಟ್ರು ಜೈನರು. ಇರುವೆ, ಮಿಡತೆ, ಬಸವನಹುಳ, ಹುಲ್ಲಲ್ಲಿ ಏನೇ ಇದ್ದರೂ ಅದನ್ನು ನೋಯದ ಹಾಗೆ ಗೆರೆಯಾಚೆ ಕಳಿಸುತ್ತಿದ್ದರು. ಎಲ್ಲ ಹುಳಗಳೂ ಸುರಕ್ಷಿತವಾಗಿ ಬೇಲಿ ಸೇರಿದ ಮೇಲೆ ಸೀಟಿ ಊದುತ್ತಿದ್ದರು. ಆಮೇಲೆ ಮೂವತ್ತು ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

"ಇವತ್ತು ಬೇಗ ಶುರು ಮಾಡಿದ್ದೀರಲ್ಲ ಮೇಷ್ಟ್ರೇ?" ಎಂದೆ.

"ಬೆಂಗಳೂರು ಹುಡುಗರು ಬರ್ತಾರಮ್ಮ. ಅವರ ಬೂಟಿನ ಅಡಿಗೆ ಮೊಳೆ ಇರುತ್ತಂತೆ," ಎಂದರು. ಇರುವೆಗಳ ಬಗ್ಗೆ ಅವರಿಗೆ ನಿಜವಾಗಿಯೂ ಚಿಂತೆಯಾಗಿತ್ತು. ತಮ್ಮ ಹುಡುಗರ ಬಗ್ಗೆ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಸರೋಜಕ್ಕ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಬಂದರು. ನಂಟರ ಮನೆ ಗೃಹಪ್ರವೇಶಕ್ಕೆ ರಿಪ್ಪನ್‌ಪೇಟೆ ಬಸ್ಸು ಹಿಡಿಯುವ ಅವಸರ. ತಮ್ಮ ಹವ್ಯಕರ ಮನೆಮಾತನ್ನೇ ಊರಿಗೆಲ್ಲ ಆಡುವ ಹೆಂಗಸು. ನಮ್ಮ 'ಅಂತೆ' ಅವರಿಗೆ 'ಅಡ', ನಮ್ಮ 'ಅಂತ' ಅವರಿಗೆ 'ಹೇಳಿ'.

"ಎಂತ ಮೇಷ್ಟ್ರೇ, ಇವತ್ತು ಹೊರಗಿನವ್ರ ಜೊತಿಗೆ ಗುದ್ದಾಟ ಇದ್ದಡ?"

"ಗುದ್ದಾಟ ಅಲ್ಲಕ್ಕ, ರಗ್ಬಿ."

"ಎಂತದೋ ಒಂದು. ಹಲ್ಲು ಜೋಪಾನ ಹೇಳಿ ಆ ಮಕ್ಕಳಿಗೆ," ಎಂದು ಹೋದರು.

ಮೇಷ್ಟ್ರು ಆ ತಿಂಗಳ ಕೊನೆಗೆ ನಿವೃತ್ತರಾಗಿ ಹೊಸನಗರದ ಕಡೆ ತಮ್ಮ ಹುಟ್ಟೂರಿಗೆ ಹೋದರು. ಆ ಮನೆಗೆ ಈಗ ಬ್ಯಾಂಕಿನವರು ಬಂದಿದ್ದಾರೆ, ಒಳ್ಳೆಯ ಜನ. ಆದರೂ ದೋಸೆ ಹಂಚು ಕಾಯುವಾಗ ನಾನು ಕಿಟಕಿ ತೆರೆಯುವುದು ಬಿಟ್ಟಿಲ್ಲ.

ಸಾಗರಕ್ಕೆ ರಗ್ಬಿ ಬಂದದ್ದು ಒಬ್ಬ ವಿದೇಶಿ ಫಾದರ್ ಜೊತೆ. ಮೇಷ್ಟ್ರು ಅದೇ ಶಾಲೆಯಲ್ಲಿ ಚಡ್ಡಿ ಹಾಕಿಕೊಂಡು ಓದುತ್ತಿದ್ದ ಕಾಲ ಅದು. ಉದ್ದನೆಯ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿ, ಎದುರಿನವರ ಗೆರೆ ದಾಟಿ, ಅದನ್ನು ನೆಲಕ್ಕೆ ಮುಟ್ಟಿಸಬೇಕು. ಕೈಯಿಂದ ಕೊಡುವುದಾದರೆ ಹಿಂದಿರುವವನಿಗೇ ಕೊಡಬೇಕು. ಓಡುವವನನ್ನು ಹಿಡಿದು ಬೀಳಿಸಬಹುದು. ಇಷ್ಟೇ ಆಟ. ತೊಂದರೆ ಏನೆಂದರೆ ಫಾದರ್ ಕನ್ನಡ ಕಲಿತದ್ದು ಪ್ರಾರ್ಥನೆ ಪುಸ್ತಕದಿಂದ. ಆಟವನ್ನೂ ಅದೇ ಕನ್ನಡದಲ್ಲಿ ಕಲಿಸಿದರು. ಚೆಂಡು ದಾಟಿಸುವುದು 'ದಾನ'. ಎದುರಾಳಿಯನ್ನು ಸೊಂಟಕ್ಕೆ ಕೈಹಾಕಿ ಬೀಳಿಸುವುದು 'ಆಲಿಂಗನ'. ಎರಡೂ ಕಡೆಯವರು ತಲೆ ತಗ್ಗಿಸಿ ಹೆಗಲಿಗೆ ಹೆಗಲು ಕೊಟ್ಟು ದೂಡುವುದು 'ಸಭೆ'. ತಪ್ಪು ಮಾಡಿದರೆ 'ಪ್ರಾಯಶ್ಚಿತ್ತ'. ಗೆರೆ ದಾಟಿ ಚೆಂಡು ಮುಟ್ಟಿಸಿದರೆ ಇಂಗ್ಲಿಷಿನಲ್ಲಿ ಅದಕ್ಕೆ 'ಟ್ರೈ' ಎನ್ನುತ್ತಾರಂತೆ, ಹಾಗಾಗಿ 'ಪ್ರಯತ್ನ'.

ಫಾದರ್ ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಎದುರಿನ ಹುಡುಗ ಚೆಂಡು ಹಿಡಿದು ಓಡಿಬಂದರೆ ಗೆರೆಯ ಹೊರಗೆ ನಿಂತು, "ದಯವಿಟ್ಟು ಅವನನ್ನು ಕೆಡವಿರಿ!" ಎಂದು ಕೂಗುತ್ತಿದ್ದರಂತೆ. ಫಾದರ್ ಹೋಗಿ ಎಷ್ಟೋ ವರ್ಷವಾದರೂ ಮೇಷ್ಟ್ರು ಅದನ್ನು ಒಂದಕ್ಷರ ಬದಲಿಸಿರಲಿಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ದಿನಾ ಬೆಳಿಗ್ಗೆ "ಸಭೆ ಸೇರಿರಿ! ದಾನ ಮಾಡಿರಿ! ಆಲಿಂಗನ! ಆಲಿಂಗನ!" ಎಂದು ಕೇಳಿಸುತ್ತಿತ್ತು. ಯಾವುದೋ ಆಶ್ರಮ ಇರಬೇಕು ಅಂದುಕೊಂಡು ಎರಡು ದಿನ ಕಿಟಕಿ ತೆಗೆಯದೆ ಕೈಮುಗಿದಿದ್ದೆ.

ಆ 'ಪ್ರಯತ್ನ' ಒಂದರಿಂದ ಮೇಷ್ಟ್ರಿಗೆ ಜನ್ಮವಿಡೀ ತೊಂದರೆ. ವಾರ್ಷಿಕೋತ್ಸವದ ವರದಿಯಲ್ಲಿ "ಈ ವರ್ಷ ನಮ್ಮ ಹುಡುಗರು ಹಲವಾರು ಪ್ರಯತ್ನಗಳನ್ನು ಮಾಡಿದರು" ಎಂದು ಹೆಮ್ಮೆಯಿಂದ ಓದುತ್ತಿದ್ದರು. ಒಮ್ಮೆ ಅತಿಥಿಯಾಗಿ ಬಂದಿದ್ದ ದೊಡ್ಡ ಮನುಷ್ಯರು ಮೈಕ್ ಹಿಡಿದು, "ಎದೆಗುಂದಬೇಡಿ ಮಕ್ಕಳೇ, ಮುಂದಿನ ವರ್ಷ ಯಶಸ್ಸು ಸಿಕ್ಕೇ ಸಿಗುತ್ತೆ" ಎಂದುಬಿಟ್ಟರು. ಒಬ್ಬ ಹುಡುಗನ ಅಪ್ಪನಂತೂ ಮನೆತನಕ ಬಂದು, "ಮೇಷ್ಟ್ರೇ, ಮೂರು ವರ್ಷದಿಂದ ಬರೀ ಪ್ರಯತ್ನವೇ ಆಯ್ತಲ್ಲ, ನಮ್ ಹುಡುಗನ ಕೈಲಿ ಆಗಲ್ವಾ ಹೆಂಗೆ?" ಎಂದು ಕೇಳಿದ್ದ. ಮೇಷ್ಟ್ರು ಅವನನ್ನು ಕೂರಿಸಿ, ಕಾಫಿ ಕೊಡಿಸಿ, ರಗ್ಬಿಯಲ್ಲಿ ಪ್ರಯತ್ನಕ್ಕಿಂತ ದೊಡ್ಡದು ಯಾವುದೂ ಇಲ್ಲ ಎಂದು ವಿವರಿಸಿದರು. ಅವನು ಹೋಗುವಾಗ ಇನ್ನೂ ಬೇಜಾರಾಗಿದ್ದ.

ಇನ್ನೊಂದು ವಿಷಯ, ಆ ಶಾಲೆ ಎಂದೂ ಸೋತದ್ದಿಲ್ಲ. ಕಾರಣ ಸರಳ. ಸುತ್ತ ಮೂರು ತಾಲೂಕಿನಲ್ಲಿ ರಗ್ಬಿ ಆಡುವ ಬೇರೆ ಶಾಲೆಯೇ ಇಲ್ಲ. ಹಾಗಾಗಿ ಮೇಷ್ಟ್ರು ಶನಿವಾರ ಶನಿವಾರ ಹುಡುಗರನ್ನು ಎರಡು ಪಾಲು ಮಾಡಿ, ಒಂದಕ್ಕೆ 'ಸಾಗರ', ಇನ್ನೊಂದಕ್ಕೆ 'ತೀರ್ಥಹಳ್ಳಿ' ಎಂದು ಹೆಸರಿಡುತ್ತಿದ್ದರು. ಗಟ್ಟಿಮುಟ್ಟಾದವರು ಸಾಗರಕ್ಕೆ. ಸಣಕಲು, ನೆಗಡಿ, ಹೊಸದಾಗಿ ಸೇರಿದವರು ತೀರ್ಥಹಳ್ಳಿಗೆ. ನನ್ನ ತವರು ತೀರ್ಥಹಳ್ಳಿ. ಅಲ್ಲಿನ ಕಾನ್ವೆಂಟಿನಲ್ಲಿ ಓದಿ ಬಂದವಳು ನಾನು. ಪ್ರತಿ ಶನಿವಾರ ನನ್ನ ಕಿಟಕಿಯ ಮುಂದೆಯೇ ನನ್ನ ಊರು ಸೋಲುತ್ತಿತ್ತು. ಇಷ್ಟೆಲ್ಲ ಸೋಲುತ್ತಿದ್ದೇವೆ ಅನ್ನುವುದು ಪಾಪ ತೀರ್ಥಹಳ್ಳಿಯವರಿಗೆ ಗೊತ್ತೇ ಇರಲಿಲ್ಲ. ಒಂದು ದಿನ ತಡೆಯಲಾರದೆ, "ಮೇಷ್ಟ್ರೇ, ಒಮ್ಮೆಯಾದ್ರೂ ಹೊಸನಗರನ ಸೋಲಿಸಿ" ಅಂದೆ. "ಹೊಸನಗರ ನನ್ನ ಊರಮ್ಮ," ಎಂದರು.

ಅಂದಮೇಲೆ ತೀರ್ಥಹಳ್ಳಿಗೆ ನನ್ನಿಂದಾದ ಸಹಾಯ ನಾನೂ ಮಾಡಿದೆ. ಜೆರ್ಸಿಗಳ ಬೆನ್ನ ಮೇಲೆ ನಂಬರ್ ಹಾಕಿಕೊಡಿ ಎಂದು ಮೇಷ್ಟ್ರು ಕೇಳಿದಾಗ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ಚೈನ್ ಸ್ಟಿಚ್ಚಿನಲ್ಲಿ ಕಸೂತಿ ಹಾಕಿಕೊಟ್ಟೆ. ಸಾಗರದವರದ್ದು ಬರೀ ನಂಬರು. ತೀರ್ಥಹಳ್ಳಿಯವರ ಇಂಗ್ಲಿಷ್ ಎಂಟರ ಎರಡು ಹೊಟ್ಟೆಯೊಳಗೂ ಒಂದೊಂದು ಸಣ್ಣ ಹೂವು.

ಚೆಂಡು ಒಂದೇ ಇದ್ದದ್ದರಿಂದ ಅದನ್ನು ಶಾಲೆಯಲ್ಲಿ ಬಿಡದೆ ಮೇಷ್ಟ್ರು ಮನೆಗೇ ತರುತ್ತಿದ್ದರು. ಅವರ ಮನೆಯ ಅಡುಗೆಕೋಣೆಯ ಮಾಡಿನಲ್ಲಿ ಮೊಗೆಕಾಯಿ, ಅಂದರೆ ಸಾಂಬಾರು ಸೌತೆಗಳನ್ನು ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ತೂಗುಬಿಟ್ಟಿರುತ್ತಿದ್ದರು, ವರ್ಷವಿಡೀ ಸಾಂಬಾರಿಗೆ ಆಗುತ್ತದೆಂದು. ಅದೇ ಸಾಲಿನಲ್ಲಿ ಚೆಂಡನ್ನೂ ನಾರಿನಲ್ಲಿ ಕಟ್ಟಿ ತೂಗಿಸುತ್ತಿದ್ದರು. ನೆಲದ ಮೇಲಿಟ್ಟರೆ ಆಕಾರ ಕೆಡುತ್ತದಂತೆ. ಒಮ್ಮೆ ನಂಟರಾಗಿ ಬಂದಿದ್ದ ಅವರ ನಾದಿನಿ ಅದನ್ನೇ ಬಿಚ್ಚಿ ಈಳಿಗೆಮಣೆಯ ಮೇಲೆ ಇಟ್ಟೂ ಆಗಿತ್ತು. ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ನಿಂತು, "ಅಯ್ಯೋ ಅದು ಶಾಲೆದು ಕಣೇ!" ಎಂದು ಕಿರುಚಿದ್ದು ನಮ್ಮ ಮನೆಗೆ ಕೇಳಿಸಿತ್ತು.

ಆದರೆ ಅವರ ರಗ್ಬಿಯ ನಿಜವಾದ ವಿಶೇಷ ಇದ್ಯಾವುದೂ ಅಲ್ಲ. ಕಾಲು.

ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಮ್ಮಲ್ಲಿ ಮಕ್ಕಳಿಗೆ ಯಾರೂ ಕೂತು ಕಲಿಸುವುದಿಲ್ಲ. ಕೈ ತಾನಾಗಿ ಹೋಗುತ್ತದೆ. ಆ ಹಳೆಯ ಫಾದರ್ ಮೊದಲ ದಿನ ಮೊದಲ ಸಭೆ ಸೇರಿಸಿದಾಗ ಹದಿನಾರು ಹುಡುಗರು ತಲೆ ತಗ್ಗಿಸಿ ದೂಡಿದರು. ಮೂವತ್ತೆರಡು ಕಾಲುಗಳಲ್ಲಿ ಯಾವುದು ಯಾರಿಗೆ ತಾಗಿತೋ, ಎಲ್ಲರೂ ಒಮ್ಮೆಲೇ ನೆಟ್ಟಗೆ ನಿಂತು ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಶುರು ಮಾಡಿದರು. ಫಾದರ್ ಇದು ಈ ಕಡೆಯ ಯಾವುದೋ ಪೂಜೆ ಎಂದುಕೊಂಡು ಟೋಪಿ ತೆಗೆದು ನಿಂತುಕೊಂಡರಂತೆ. ತುಂಬ ಹೊತ್ತಾದರೂ ಅದು ಮುಗಿಯದಿದ್ದಾಗ, ಆಗ ಅಲ್ಲಿ ಹುಡುಗನಾಗಿದ್ದ ನಮ್ಮ ಮೇಷ್ಟ್ರನ್ನು ಕರೆದು ಕೇಳಿದರು. ಹುಡುಗ ಹೇಳಿದ. ಫಾದರ್ ಯೋಚಿಸಿ, "ಇದು ಒಳ್ಳೆಯದು. ಇದೂ ನಿಯಮದಲ್ಲಿರಲಿ," ಎಂದರಂತೆ.

ಅಂದಿನಿಂದ ಅದು ನಿಯಮ. ಯಾರ ಕಾಲು ತಾಗಿತೋ ಅವನು ನಿಲ್ಲಬೇಕು, ಒತ್ತಿಕೊಳ್ಳುವುದು ಮುಗಿಯಬೇಕು, ಆಮೇಲೆ ಮುಂದೆ. ಚೆಂಡನ್ನು ಒದೆಯುವುದಂತೂ ಇಲ್ಲವೇ ಇಲ್ಲ. ಪ್ರಯತ್ನ ಮಾಡಿದವನು ಚೆಂಡನ್ನು ನೆಲಕ್ಕೆ ಮುಟ್ಟಿಸಿ, ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು. ನನಗೆ ರಗ್ಬಿ ಅಂದರೆ ಇದೇ. ಪ್ರಪಂಚದಲ್ಲೆಲ್ಲ ಹೀಗೇ ಆಡುತ್ತಾರೆ ಅಂದುಕೊಂಡಿದ್ದೆ. ಮೇಷ್ಟ್ರೂ ಹಾಗೇ ಅಂದುಕೊಂಡಿದ್ದರು.

ಮೇಷ್ಟ್ರು ನಿವೃತ್ತರಾಗುವ ವರ್ಷ ಹೊಸ ಹೆಡ್‌ಮಾಸ್ಟರ್ ಆಗಿ ಮಂಗಳೂರಿನ ಕಡೆಯ ಒಬ್ಬ ಫಾದರ್ ಬಂದರು. ಅದೇ ಹೊತ್ತಿಗೆ ಯಾರೋ ತಾಯಿ ಮೊಬೈಲಿನಲ್ಲಿ ಹೊರದೇಶದ ರಗ್ಬಿ ನೋಡಿದಳು. ಒಬ್ಬನ ಮೂಗಲ್ಲಿ ರಕ್ತ, ಇನ್ನೊಬ್ಬನ ಕಿವಿ ಹೂಕೋಸಿನ ಹಾಗೆ. ಪೋಷಕರ ಸಭೆಯಲ್ಲಿ ಗಲಾಟೆಯಾಯಿತು. ರಗ್ಬಿ ಎಂಬ ಆಟವನ್ನು ಶಾಲೆಯಲ್ಲಿ ನಿಲ್ಲಿಸಬೇಕು ಎಂದು ಎಲ್ಲರೂ ಕೈಯೆತ್ತಿದರು. ಹೊಸ ಫಾದರ್ ಮೇಷ್ಟ್ರನ್ನು ಕರೆದು, "ನೀವು ಹೇಗೂ ರಿಟೈರ್ ಆಗ್ತೀರಿ ಮಾರಾಯ್ರೆ, ನಿಮ್ಮೊಟ್ಟಿಗೆ ಇದೂ ಆಗಲಿ," ಎಂದರು.

ಮೇಷ್ಟ್ರು ಅಂದು ಸಂಜೆ ನಮ್ಮ ಬೇಲಿಯ ಹತ್ತಿರ ನಿಂತು ದಾಸವಾಳದ ಒಂದೊಂದೇ ಎಲೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎಲೆ ಕಿತ್ತು ಬಿಸಾಡುವ ಜನ ನೋಡಿದ್ದೇನೆ. ಜೇಬಿಗೆ ಹಾಕಿಕೊಂಡವರು ಇವರೊಬ್ಬರೇ.

"ನಾನು ಹೋಗೋದಕ್ಕೆ ಬೇಜಾರಿಲ್ಲಮ್ಮ. ಆಟ ಹೋಗಬಾರದು," ಎಂದರು.

ಮಾರನೆಯ ದಿನ ಮತ್ತೆ ಫಾದರ್ ಹತ್ತಿರ ಹೋಗಿ, ನಮ್ಮದು ಅವರು ನೋಡಿದ ಹಾಗಲ್ಲ, ಗೊತ್ತಿರುವವರು ಯಾರಾದರೂ ಬಂದು ನೋಡಲಿ, ಇದು ಸರಿಯಾದ ರಗ್ಬಿ ಎಂದು ಅವರೇ ಹೇಳುತ್ತಾರೆ ಎಂದರು. ಫಾದರ್‌ಗೆ ಬೆಂಗಳೂರಿನಲ್ಲಿ ಒಬ್ಬ ಗೆಳೆಯರಿದ್ದರು, ರಗ್ಬಿಗೆ ಹೆಸರಾದ ಶಾಲೆಯೊಂದರಲ್ಲಿ. ಅಲ್ಲಿನ ಹುಡುಗರು ಜೋಗ ನೋಡಲು ಬರುವವರಿದ್ದರು. ದಾರಿಯಲ್ಲಿ ಇಲ್ಲಿ ಇಳಿದು ಒಂದು ಆಟ ಆಡಿ ಹೋಗಲಿ ಎಂದು ಮಾತಾಯಿತು. "ಅವರ ಕೋಚ್ ನೋಡಿ ಹೇಳಲಿ. ಆಮೇಲೆ ನೋಡುವ," ಎಂದರು ಫಾದರ್. ಮೇಷ್ಟ್ರ ಮಟ್ಟಿಗೆ ಅದು ಪರೀಕ್ಷೆ. ಆ ಕೋಚ್ ಬಾಯಿಂದ 'ಇದು ರಗ್ಬಿ' ಎಂಬ ಎರಡು ಮಾತು ಬಂದರೆ ಆಟ ಉಳಿಯಿತು.

ಆ ಶನಿವಾರ ಹತ್ತು ಗಂಟೆಗೆ ಅವರ ಬಸ್ಸು ಬಂತು. ಇಳಿದವರನ್ನು ಹುಡುಗರು ಅನ್ನಲು ನನಗೆ ಧೈರ್ಯ ಸಾಲಲಿಲ್ಲ. ಒಬ್ಬನಿಗೆ ಮೀಸೆ ಇತ್ತು. ನಮ್ಮ ತಂಡದಲ್ಲಿ ಅವತ್ತು ಸಾಗರ, ತೀರ್ಥಹಳ್ಳಿ ಎರಡೂ ಸೇರಿದ್ದವು. ತೀರ್ಥಹಳ್ಳಿಯ ಹೂವಿನ ಎಂಟು ಬೆಂಗಳೂರಿನವನ ಎದುರು ನಿಂತಾಗ ನಾನು ಬೇಲಿ ದಾಟಿ ಗೆರೆಯ ಹತ್ತಿರ ಮೇಷ್ಟ್ರ ಪಕ್ಕ ಹೋಗಿ ನಿಂತೆ.

ಕೋಚ್ ಕಪ್ಪು ಕನ್ನಡಕದ ದೊಡ್ಡ ಆಳು. ಅವರೇ ರೆಫರಿ. ಸೀಟಿ ಊದಿದರು. ಮೊದಲ ಸಭೆ ಸೇರಿತು. ನಮ್ಮ ಹುಡುಗರು ಅದರೊಳಗೆ ಮಾಯವಾದರು. ಕಾಲು ತಾಗಿತು. ಕೂಡಲೇ ನಮ್ಮವರೆಲ್ಲ ನೆಟ್ಟಗೆ ನಿಂತು, ಎದುರಿನವರ ಮೊಣಕಾಲು, ತೊಡೆ, ಸಿಕ್ಕಿದ್ದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಅಷ್ಟರಲ್ಲಿ ಮೀಸೆಯವನು ಚೆಂಡು ತೆಗೆದುಕೊಂಡು ಹೋಗಿ ಆರಾಮವಾಗಿ ಗೆರೆಯಾಚೆ ಇಟ್ಟು ಬಂದ.

"ಏಯ್, ಯಾಕ್ರೋ ನಿಂತ್ರಿ?" ಎಂದು ಕೋಚ್ ನಮ್ಮ ಹುಡುಗರನ್ನೇ ಕೇಳಿದರು.

"ಕಾಲು ತಾಗ್ತು ಸಾರ್."

"ತಾಗಿದ್ರೆ?"

ನಮ್ಮ ಹುಡುಗನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಆಮೇಲೆ ಅವರಲ್ಲೊಬ್ಬ ಚೆಂಡನ್ನು ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಬಂದು ಝಾಡಿಸಿ ಒದ್ದ. ಯಾವಾಗಲೂ ಸುಮ್ಮನೆ ನಿಂತಿರುತ್ತಿದ್ದ ನಮ್ಮ ಬಿದಿರಿನ ಕಂಬಗಳ ನಡುವೆ ಅದು ಹಾರಿಹೋಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನನ್ನ ಕಡೆ ತಿರುಗಿ ಮೆಲ್ಲಗೆ, "ಒದ್ದನಾ?" ಎಂದು ಕೇಳಿದರು. ಹೌದು ಅಂದೆ. "ಮನೇಲಿ ಹೇಳಿಕೊಟ್ಟಿಲ್ಲ ಅಂತ ಕಾಣುತ್ತೆ," ಎಂದರು.

ಹೀಗೇ ನಡೆಯಿತು. ಮೇಷ್ಟ್ರು "ಆಲಿಂಗನ! ಆಲಿಂಗನ!" ಎಂದಾಗಲೆಲ್ಲ ಬೆಂಗಳೂರಿನವರು ನಗುತ್ತಿದ್ದರು, ನಗುತ್ತಲೇ ಗೆರೆ ದಾಟುತ್ತಿದ್ದರು. ನಾನು ಕಸೂತಿ ಹಾಕಿದ್ದ ಒಂಬತ್ತರ ಬಾಲ ಹರಿದು ಸೊನ್ನೆಯಾಯಿತು. ಮಧ್ಯಂತರದಲ್ಲಿ ನಾನು ನಿಂಬೆ ಶರಬತ್ತು ಹಂಚುವಾಗ ನಮ್ಮ ನಾಯಕ, ಒಂಬತ್ತನೇ ತರಗತಿಯ ಹುಡುಗ, ಮೇಷ್ಟ್ರ ಹತ್ತಿರ ಬಂದು ನಿಂತ.

"ಸಾರ್, ಕಾಲು ತಾಗಿದ್ರೂ ಓಡಿಬಿಡ್ಲಾ?"

ಮೇಷ್ಟ್ರು ಫಾದರ್ ಕಡೆ ನೋಡಿದರು. ಕೋಚ್ ಕಡೆ ನೋಡಿದರು. ನನಗೆ ಗೊತ್ತು, ಹ್ಞೂಂ ಅನ್ನುವುದು ಅವರ ನಾಲಗೆಯ ತುದಿಗೆ ಬಂದಿತ್ತು.

"ಓಡಿದ್ರೆ ಗೆಲ್ತೀವೇನೋ?" ಎಂದರು.

ಹುಡುಗ ಪ್ರಾಮಾಣಿಕ. "ಇಲ್ಲ ಸಾರ್."

"ಮತ್ತೆ ಯಾಕೆ?"

ಎರಡನೇ ಅರ್ಧದಲ್ಲಿ ಒಂದು ವಿಚಿತ್ರವಾಯಿತು. ಸಭೆ ಮುಗಿದು ನಮ್ಮವರು ಕಣ್ಣಿಗೊತ್ತಿಕೊಳ್ಳುತ್ತಿದ್ದಾಗ ಬೆಂಗಳೂರಿನ ಒಬ್ಬನ ಕೈ ಅವನಿಗೇ ತಿಳಿಯದೆ ಮೇಲೆ ಹೋಯಿತು. ಅವನೂ ಯಾವುದೋ ತಾಯಿಯ ಮಗನೇ ತಾನೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬನದ್ದು. "ಪ್ಲೇ! ಪ್ಲೇ ಮಾಡ್ರೋ!" ಎಂದು ಕೋಚ್ ಕೂಗುತ್ತಿದ್ದರೆ ಅವರ ಹುಡುಗರು ನಾಚಿಕೊಂಡು, ಬೇಗ ಬೇಗ, ಕದ್ದು ಕದ್ದು ಒತ್ತಿಕೊಳ್ಳುತ್ತಿದ್ದರು. ಕೊನೆಗೆ, ಆಟ ಮುಗಿಯುವುದಕ್ಕೆ ಸ್ವಲ್ಪ ಮೊದಲು, ಮೀಸೆಯವನ ಬೂಟು ಕೆಳಗೆ ಬಿದ್ದಿದ್ದ ನಮ್ಮ ಹುಡುಗನೊಬ್ಬನ ತಲೆಯನ್ನು ಸವರಿತು. ತಲೆ! ಮೀಸೆಯವನು ಬೆಚ್ಚಿಬಿದ್ದು, ಕೈಯಲ್ಲಿದ್ದ ಚೆಂಡು ಬಿಟ್ಟು, ಮಂಡಿಯೂರಿ ಎರಡೂ ಕೈಯಿಂದ ಒತ್ತಿಕೊಂಡ. ಅವನ ಹಿಂದಿದ್ದವರೂ ನಿಂತರು. ಬಿಟ್ಟ ಚೆಂಡು ಪುಟಿದು ಬಂದು ನಮ್ಮ ನಾಯಕನ ಎದೆಗೆ ಸೇರಿತು. ಆ ಹೊತ್ತಿಗೆ ಅವನ ಕಾಲು ಯಾರಿಗೂ ತಾಗಿರಲಿಲ್ಲ. ಓಡಿದ. ಗೆರೆಯಾಚೆ ನೆಲಕ್ಕೆ ಮುಟ್ಟಿಸಿದ, ಎತ್ತಿ ಕಣ್ಣಿಗೊತ್ತಿಕೊಂಡ.

ಕೋಚ್ ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಸೀಟಿ ಊದಿ, ಕೈ ಎತ್ತಿ, ಬೋರ್ಡಿನಲ್ಲಿ ನಮ್ಮ ಕಡೆ ಒಂದು ಟ್ರೈಗೆ ಸಲ್ಲುವ ಐದು ಪಾಯಿಂಟು ಬರೆಸಿದರು. ಅವರ ಕಡೆ ಅರವತ್ತು ಚಿಲ್ಲರೆ ಇತ್ತು. ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ. "ಪ್ರಯತ್ನ," ಎಂದು ತಮಗೇ ಹೇಳಿಕೊಂಡರು.

ಎಲ್ಲ ಮುಗಿದು ಹುಡುಗರು ಕೈಕುಲುಕುತ್ತಿದ್ದಾಗ ಫಾದರ್ ಕೋಚನ್ನು ಕೇಳಿದರು. ಮೇಷ್ಟ್ರು ಅಲ್ಲೇ ಜೆರ್ಸಿ ಮಡಿಸುತ್ತಿದ್ದರು, ನಾನು ಲೋಟ ತೊಳೆಯುತ್ತಿದ್ದೆ.

"ಹುಡುಗ್ರು ಚಿನ್ನದಂಥೋರು ಫಾದರ್," ಎಂದರು ಕೋಚ್. "ಆದ್ರೆ ಸುಳ್ಳು ಹೇಳಬಾರ್ದು. ಇದು ರಗ್ಬಿ ಅಲ್ಲ."

"ಖಂಡಿತ ಅಲ್ಲವಾ?"

"ಖಂಡಿತ ಅಲ್ಲ."

ಮೇಷ್ಟ್ರ ಕೈ ಜೆರ್ಸಿಯ ತೋಳಿನ ಮೇಲೆ ನಿಂತಿತು. ಫಾದರ್ ಮುಖ ಮಾತ್ರ ಅರಳಿತು.

"ದೇವರಿಗೆ ಸ್ತೋತ್ರ! ನೋಡಿ ಮೇಷ್ಟ್ರೇ, ಪೋಷಕರು ನಿಲ್ಲಿಸಿ ಅಂದದ್ದು ರಗ್ಬಿಯನ್ನು. ಇದು ರಗ್ಬಿಯೇ ಅಲ್ಲ ಅಂತಾದ ಮೇಲೆ ನಿಲ್ಲಿಸುವುದು ಎಂತದನ್ನು ಮಾರಾಯ್ರೆ? ನೀವು ಹೋದ ಮೇಲೂ ನಡೀಲಿ. ನಿಮ್ಮ ನಾಯಕನ ಅಣ್ಣ ಇದ್ದಾನಲ್ಲ, ನಿಮ್ಮ ಹತ್ರವೇ ಆಡಿ ಕಲಿತವ, ಅವನೇ ಬಂದು ಕಲಿಸ್ಲಿ."

"ಥ್ಯಾಂಕ್ಸ್ ಫಾದರ್," ಎಂದರು ಮೇಷ್ಟ್ರು. ಮಡಿಸಿದ ಜೆರ್ಸಿಯನ್ನು ಬಿಚ್ಚಿ ಮತ್ತೆ ಮಡಿಸಿದರು.

ಸಂಜೆ ಅವರು ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಸೂರ್ಯ ಆಗಲೇ ಶಾಲೆಯ ಹೆಂಚಿಗೆ ತಾಗಿದ್ದ. ಒಳಗಿನಿಂದ ಹೆಂಡತಿ ಕರೆಯುತ್ತಲೇ ಇದ್ದರು, "ಏಳ್ರೀ, ಬಡಿಸಿಟ್ಟು ಎಷ್ಟು ಹೊತ್ತಾಯ್ತು. ಆಮೇಲೆ ಬೆಳಗಿನವರೆಗೆ ಉಪವಾಸ." ಮೇಷ್ಟ್ರು ಏಳಲಿಲ್ಲ. ನಾನು ಬೇಲಿಯ ಈಚೆಯಿಂದ, "ಆಟ ಉಳೀತಲ್ಲ ಮೇಷ್ಟ್ರೇ," ಎಂದೆ.

"ಉಳೀತಮ್ಮ," ಎಂದರು. "ಉಳಿದದ್ದು ಯಾವ ಆಟ ಅಂತ ಗೊತ್ತಿಲ್ಲ, ಅಷ್ಟೆ. ಇಷ್ಟು ವರ್ಷ ಏನು ಕಲಿಸಿದ್ರಿ ಅಂತ ಊರಲ್ಲಿ ಯಾರಾದ್ರೂ ಕೇಳಿದ್ರೆ ಏನು ಹೇಳಲಿ?"

ಸೂರ್ಯ ಅರ್ಧ ಹೆಂಚಿನ ಹಿಂದೆ ಹೋಗಿದ್ದ. ಆಗಲೇ ಸರೋಜಕ್ಕ ರಿಪ್ಪನ್‌ಪೇಟೆಯಿಂದ ವಾಪಸು ಬಂದರು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಹೋಳಿಗೆ ಕಟ್ಟು.

"ಎಂತ ಮೇಷ್ಟ್ರೇ, ಸೋತ್ರಡ?"

"ಸೋತ್ವಿ ಅಕ್ಕ. ಅದು ರಗ್ಬಿನೂ ಅಲ್ವಂತೆ. ಆ ಕೋಚೇ ಹೇಳಿದ್ರು."

"ನಿಂಗಳಿಗೆ ಒಂದು ಪಾಯಿಂಟೂ ಬರಲ್ಯ?"

"ಐದು ಬಂತು."

"ಯಾರು ಕೊಟ್ಟಿದ್ದು?"

"ಅವರೇ. ಆ ಕೋಚೇ."

ಸರೋಜಕ್ಕ ಹೋಳಿಗೆ ಕಟ್ಟನ್ನು ಕಂಕುಳಿಗೆ ಸೇರಿಸಿ, ತಮ್ಮ ಗೇಟಿನ ಚಿಲಕಕ್ಕೆ ಕೈಹಾಕುತ್ತ, ತಿರುಗಿಯೂ ನೋಡದೆ ಅಂದರು:

"ರಗ್ಬಿ ಅಲ್ಲ ಹೇಳಾದ್ರೆ ಅಂವ ಐದು ಎಂತಕ್ಕೆ ಕೊಟ್ನಡ?"